ಕರೆಂಟು ಹೋದಾಗ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು

ಬಸವಾಪಟ್ಟಣದಲ್ಲಿ ಕರೆಂಟು ಹೋಗುವುದು ಹೊಸ ಸುದ್ದಿಯೇನಲ್ಲ. ಆದರೆ ಮುಮ್ತಾಜ್ ಮನೆಯಲ್ಲಿ ಅವತ್ತು ಸರಿಯಾಗಿ ಇಸ್ತ್ರಿ ಮಾಡುವ ಹೊತ್ತಿಗೇ ಹೋಯಿತು. ಹೊನ್ನಾಳಿಯಲ್ಲಿ ನಾದಿನಿಯ ನಿಕಾಹ್. ಗಂಡ ಮುಜೀಬನ ಜುಬ್ಬಾದ ಒಂದು ತೋಳು ಇನ್ನೂ ಸುಕ್ಕು. ಮಂಚದ ಪಕ್ಕ ತೊಟ್ಟಿಲಲ್ಲಿ ಕೂಸು ನುಜಹತ್ ಮಲಗಿತ್ತು.

ಮುಮ್ತಾಜ್ ಹೊಸ ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆಯ ಮೇಲೇ ಬೋರಲು ಇಟ್ಟು, ಸ್ವಿಚ್ಚು ಆರಿಸಲು ಕೈ ಚಾಚಿದಳು.

"ಇರ್ಲಿ ಬಿಡು," ಅಂದ ಮುಜೀಬ್. "ಅದರ ಕೆಂಪು ಲೈಟ್ ಹತ್ತಿದ್ರೆ ಕರೆಂಟ್ ಬಂತು ಅಂತ ಗೊತ್ತಾಗ್ತೈತೆ."

ಪಕ್ಕದ ಮನೆಯ ಹೇಮಾವತಿ ಬಾಗಿಲಲ್ಲೇ ನಿಂತಿದ್ದಳು. "ಅದನ್ನ ನೋಡಾಕೆ ಒಳಗೆ ಯಾರು ಕುಂತಿರ್ತಾರ್ರೀ? ಕೂಸು ಬೇರೆ ಐತೆ. ಪ್ಲಗ್ ಕಿತ್ತುಬಿಡ್ರಿ."

"ನಮ್ಮೂರ ಕರೆಂಟ್ ಅಷ್ಟು ಬೇಗ ಬರ್ತೈತೇನ್ರೀ?" ಎಂದು ಮುಜೀಬ್ ನಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅವನು.

ಸ್ವಿಚ್ಚು ಹಾಗೇ ಬಿಟ್ಟು ಮುಮ್ತಾಜ್ ಹೂವಿಗೆಂದು ಹೇಮಾವತಿಯ ಅಂಗಳಕ್ಕೆ ಹೋದಳು. ಮುಜೀಬ್ ಜಗಲಿಯಲ್ಲಿ ಚಪ್ಪಲಿಗೆ ಪಾಲಿಶ್ ಹಚ್ಚುತ್ತ ಕೂತ. ಓಣಿಯ ಕೊನೆಯ ಹಿಟ್ಟಿನ ಗಿರಣಿ ಗುರುಗುಟ್ಟತೊಡಗಿತು. ಕರೆಂಟು ಬಂದಿತ್ತು, ಯಾರೂ ಗಮನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. "ಯಾರೋ ಕಸಕ್ಕೆ ಬೆಂಕಿ ಹಾಕ್ಯಾರೆ," ಅಂದುಕೊಂಡ ಮುಜೀಬ್. ಒಳಗೆ ನುಜಹತ್ ಅತ್ತಿತು, ನಿದ್ದೆ ಮುರಿದದ್ದಕ್ಕೆ ಅಂದುಕೊಂಡು ಅವನು ಏಳಲಿಲ್ಲ. ಕೆಮ್ಮಿತು. ಆಮೇಲೆ ಸದ್ದೇ ಇಲ್ಲ.

ಕೂಸಿನ ಅಳು ತಟ್ಟನೆ ನಿಂತದ್ದು ಅಂಗಳದಲ್ಲಿದ್ದ ಮುಮ್ತಾಜಳಿಗೆ ಗೊತ್ತಾಯಿತು. ಹೂವು ಬಿಸಾಕಿ ಓಡಿದಳು. ಕೋಣೆಯ ತುಂಬ ಹೊಗೆ, ತೊಟ್ಟಿಲೇ ಕಾಣುತ್ತಿರಲಿಲ್ಲ. ತಡಕಾಡಿ ಕೂಸನ್ನು ಎಳೆದುಕೊಂಡು ಹೊರಗೆ ಬಂದಳು. ಒಳಗೆ ಹೋದ ಮುಜೀಬ್ ಉರಿಯುವ ಹಾಸಿಗೆಗೆ ಸುರಿಯಲು ನೀರಿನ ಕೊಡ ಎತ್ತಿದ.

"ನೀರು ಹಾಕಬ್ಯಾಡ್ರೀ!" ಹಿಂದೆಯೇ ಓಡಿಬಂದ ಹೇಮಾವತಿ ಚೀರಿದಳು. "ವೈರ್‌ನಾಗೆ ಕರೆಂಟ್ ಐತೆ, ಶಾಕ್ ಹೊಡೆದು ಸಾಯ್ತೀರಿ! ಮೊದ್ಲು ಮೇನ್ ಸ್ವಿಚ್ ಆರಿಸ್ರಿ!"

ಅವನು ಗೋಡೆ ತಡವಿ ಮೇನ್ ಆರಿಸಿದ. ಆಮೇಲೆ ನೀರು ಸುರಿದ. ಬೆಂಕಿ ಆರಿತು.

ಓಣಿಯಲ್ಲಿ ಮುಮ್ತಾಜ್ ಕೂಸಿನ ಬೆನ್ನು ತಟ್ಟುತ್ತಲೇ ಇದ್ದಳು. ಕೂಸು ಮಿಸುಕಲಿಲ್ಲ. ಮುಜೀಬ್ ಹೊರಗೆ ಓಡಿಬಂದು ಕೂಸಿನ ಕಾಲು ಹಿಡಿದ. "ಯಾ ಅಲ್ಲಾ, ಒಂದ್ಸಲ ಅಳೇ ಬೇಟಿ... ಒಂದೇ ಸಲ..."

ನುಜಹತ್ ಕೆಮ್ಮಿತು. ಆಮೇಲೆ ಓಣಿಯೆಲ್ಲ ಕೇಳುವಂತೆ ಅತ್ತಿತು.

ಹೊಗೆ ಕುಡಿದ ಕೂಸನ್ನು ಆಗಲೇ ಆಸ್ಪತ್ರೆಗೆ ಒಯ್ದರು. ಸಂಜೆ ಹೊತ್ತಿಗೆ ಡಾಕ್ಟರು ಭಯವಿಲ್ಲ ಅಂದರು. ನಿಕಾಹ್‌ಗೆ ಹೋಗುವುದು ತಪ್ಪಿತು, ತಪ್ಪಲಿ. ಈಗ ಇಸ್ತ್ರಿ ಮಾಡಿ ಮುಗಿದರೆ ಮುಜೀಬ್ ತಾನೇ ಪ್ಲಗ್ ಕೀಳುತ್ತಾನೆ. ಎಲ್ಲಿಂದಲಾದರೂ ಸುಟ್ಟ ವಾಸನೆ ಬಂದರೆ ಇವತ್ತಿಗೂ ಮೊದಲು ಒಳಗೆ ಓಡಿ ನೋಡುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಕರೆಂಟು ಹೇಳಿ ಬರುವುದಿಲ್ಲ. ಅದು ಹೋದ ಕೂಡಲೇ ಸ್ವಿಚ್ಚು ಆರಿಸಿ, ಪ್ಲಗ್ ಕೀಳಿ. ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಬೋರಲು ಬಿಡಬೇಡಿ, ಗಟ್ಟಿ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ಸಿಗದಂತೆ. ಅದಕ್ಕೆ ನೀರು ತುಂಬುವುದಿದ್ದರೂ ಪ್ಲಗ್ ಕಿತ್ತ ಮೇಲೆಯೇ. ಕೆಲಸ ಮುಗಿದು ತಣ್ಣಗಾದ ಮೇಲೆ ಉಳಿದ ನೀರು ಚೆಲ್ಲಿ ಎತ್ತಿಡಿ. ವೈರು ಸುಲಿದಿದ್ದರೆ ಮುಟ್ಟಲೇಬೇಡಿ, ರಿಪೇರಿಗೆ ಕೊಡಿ.

ಈಗ ಈ ಹಾಳೆ ಕೆಳಗಿಡಿ. ಎದ್ದು ಹೋಗಿ ನಿಮ್ಮ ಮನೆಯ ಪ್ಲಗ್ ನೋಡಿ ಬನ್ನಿ.