ಸಿಮೆಂಟಿನ ಬೆಟ್ಟ

"ಈ ಕಜ್ಜಿ ಯಾವಳೇ ಮೆತ್ತಿದ್ದು ಇಲ್ಲಿ?"

ಅರಣ್ಯ ಇಲಾಖೆಯ ಸಾಹೇಬ ಬೆಟ್ಟದ ಹೊಟ್ಟೆಗೆ ಪೆನ್ನಿನಿಂದ ಚುಚ್ಚಿದ. ನಿಜವಾದ ಬೆಟ್ಟವಲ್ಲ, ಪ್ರವಾಸಿ ಕೇಂದ್ರದ ಹಜಾರದಲ್ಲಿ ಕಬ್ಬಿಣದ ಬಲೆಗೆ ಸಿಮೆಂಟು ಮೆತ್ತಿ, ಬಣ್ಣ ಬಳಿದು ಮಾಡಿದ್ದು. ಇಡೀ ರಾಷ್ಟ್ರೀಯ ಉದ್ಯಾನ ಒಂದು ಮಂಚದಗಲಕ್ಕೆ ಬಂದು ಮಲಗಿತ್ತು. ಅಂಚಿನ ಗುಂಡಿ ಒತ್ತಿದರೆ ಜಲಪಾತದ ಬಳಿ ನೀಲಿ ದೀಪ, ಶಿಖರದ ಮೇಲೆ ಹಳದಿ ದೀಪ. ‘ನೀವು ಇಲ್ಲಿದ್ದೀರಿ’ ಎಂದು ಬರೆದ ಗುಂಡಿ ಒತ್ತಿದರೆ ಈ ಕೇಂದ್ರದ ಪುಟ್ಟ ಕಟ್ಟಡದ ಪಕ್ಕ ಕೆಂಪು ದೀಪ ಹತ್ತುತ್ತಿತ್ತು.

"ಕಜ್ಜಿ ಅಲ್ಲ ಸಾರ್, ನಮ್ಮೂರು," ಎಂದಳು ಮೊಂಡಿ. ಸಿಮೆಂಟು ಕಲಸುವ ಕೂಲಿಗೆ ಬಂದವಳು. ಎಲ್ಲದಕ್ಕೂ ಎದುರುತ್ತರ ಕೊಡುತ್ತಾಳೆಂದು ಅವಳಿಗೆ ಆ ಹೆಸರಿಟ್ಟವನು ಮೇಸ್ತ್ರಿ, ಅವಳ ಅಕ್ಕನ ಗಂಡ.

"ನಿಮ್ಮೂರು? ಕಾಡಲ್ಲಿ ಊರು ಎಲ್ಲಿಂದ ಬಂತೇ, ದರಿದ್ರ ಮುಂಡೆ? ನಿಮ್ಮ ತಾತ ಇಲ್ಲಿ ಹುಟ್ಟಿದ್ದ ಅನ್ನೋದಕ್ಕೆ ಒಂದು ಕಾಗದ ಇದೆಯಾ? ಇಲ್ಲಿ ಒಂದು ನರಪಿಳ್ಳೇನೂ ಇಲ್ಲ ಅಂತ ಮೇಲಕ್ಕೆ ಬರೆದು ಕಳಿಸಿದ್ದೀನಿ. ಮಧ್ಯಾಹ್ನ ದೊಡ್ಡ ಸಾಹೇಬ್ರು ಉದ್ಘಾಟನೆಗೆ ಬಂದು, ಎಲ್ಲಾ ನೋಡಿ ಅದಕ್ಕೆ ಸೈನ್ ಹಾಕ್ತಾರೆ. ಆಮೇಲೆ ನಿಮ್ಮ ಗುಡಿಸಲಿಗೆ ಜೆಸಿಬಿ ಬರುತ್ತೆ." ಸಾಹೇಬ ಮೇಸ್ತ್ರಿಯ ಕಡೆ ತಿರುಗಿದ. "ಲೇ, ಇವಳು ಇದನ್ನ ಮೆತ್ತುವಾಗ ನಿನ್ನ ಬುದ್ಧಿ ಲದ್ದಿ ತಿನ್ನಕ್ಕೆ ಹೋಗಿತ್ತೇನೋ?"

"ತಪ್ಪಾಯ್ತು ಸಾಮಿ. ಹೆಂಗಸು, ತಿಳೀಲಿಲ್ಲ."

"ಊಟ ಮುಗಿಸಿ ಬರೋದ್ರೊಳಗೆ ಇದನ್ನ ಕೆತ್ತಿ ಹಸಿರು ಬಳಿದಿರ್ಬೇಕು. ಅವಳ ಕೈಯಿಂದಾನೇ ಕೆತ್ತಿಸು. ಮೆತ್ತಿದ ಕೊಬ್ಬು ಇಳೀಲಿ."

ಸಾಹೇಬ ಕಿಸಕ್ಕೆಂದು ನಕ್ಕು ಹೋದ. ಬೂಟಿನ ಕೆಸರು ಈಗಷ್ಟೇ ಒರೆಸಿದ್ದ ನೆಲದ ಮೇಲೆ ಸಾಲಾಗಿ ಉಳಿಯಿತು. ಅದನ್ನೂ ಮೊಂಡಿಯೇ ಒರೆಸಬೇಕು, ಇನ್ಯಾರು?

ಹಜಾರದ ಒಂದು ಗೋಡೆ ಪೂರ್ತಿ ಗಾಜು. ಆಚೆಗೆ ಎದುರುಬೆಟ್ಟ. ಊರು ಮರಗಳ ಮರೆಯಲ್ಲಿದ್ದರಿಂದ ಮನೆಗಳು ಕಾಣವು, ದಿನವೂ ಎದ್ದು ಕಾಣುವುದು ಒಲೆಯ ಹೊಗೆ. ಇವತ್ತು ಅದೂ ಇಲ್ಲ. ಬೆಳಗ್ಗೆಯೇ ಗಾರ್ಡುಗಳು ಮನೆಮನೆಗೆ ನುಗ್ಗಿ, ಉರಿಯುವ ಒಲೆಗೆ ಕೊಡದಿಂದ ನೀರು ಹೊಯ್ದು, ಸಂಜೆಯವರೆಗೂ ಬೆಂಕಿ ಕಂಡರೆ ಕಾಲು ಮುರಿಯುತ್ತೇವೆಂದು ಹೇಳಿಹೋಗಿದ್ದರು. ಮೊಂಡಿಯ ಪಾತ್ರೆಯಲ್ಲಿ ಅಕ್ಕಿ ಅರ್ಧ ಬೆಂದಿತ್ತು. ಮಕ್ಕಳು ಅದನ್ನೇ ಕಟಕಟ ಅಗಿದವು. ಹಲ್ಲಿಲ್ಲದ ಅತ್ತೆ ಒಂದು ತುತ್ತು ಬಾಯಿಗಿಟ್ಟು ಉಗಿದು, ಗಾರ್ಡುಗಳ ಏಳು ತಲೆಮಾರನ್ನೂ ಎತ್ತಿ ಬೈದಿದ್ದಳು.

ಮೇಸ್ತ್ರಿ ಉಳಿ, ಸುತ್ತಿಗೆ ತಂದು ಮುಂದೆ ಹಿಡಿದ.

"ತಗೋ. ಬೇಗ ಮುಗಿಸು."

"ನಿನ್ನ ಮನೇನೂ ಇದೆ ಭಾವ ಇಲ್ಲಿ. ನೋಡು, ಹಿಂದುಗಡೆ ಗೋಡೆ ವಾಲಿರೋದನ್ನೂ ಹಾಗೇ ಮಾಡಿದ್ದೀನಿ."

"ಸಿಮೆಂಟು ಕಣೇ ಅದು! ಇದನ್ನ ಕಿತ್ತರೆ ನಿಜವಾದ ಊರು ಹೋಗಿಬಿಡುತ್ತಾ?"

"ಹೋಗುತ್ತೆ. ಮೊದಲು ಇಲ್ಲಿ, ಆಮೇಲೆ ಅಲ್ಲಿ."

ಮೇಸ್ತ್ರಿ ಬಾಗಿಲ ಕಡೆ ಕಳ್ಳನ ಹಾಗೆ ನೋಡಿದ. "ಸಾಹೇಬ ನನ್ನನ್ನ ಇಲ್ಲೇ ವಾಚ್‌ಮನ್ ಮಾಡ್ಕೋತೀನಿ ಅಂದಿದ್ದಾನೆ. ನಿಮ್ಮಕ್ಕನ ಮುಖ ನೋಡಿಯಾದ್ರೂ ಬಾಯಿ ಮುಚ್ಕೊಂಡಿರು ಮಾರಾಯ್ತಿ."

"ಏನನ್ನ ಕಾಯ್ತೀಯ? ನಿನ್ನ ಮನೆ ಬಿದ್ದ ಜಾಗನಾ?"

ಮೇಸ್ತ್ರಿ ಉಳಿ, ಸುತ್ತಿಗೆಯನ್ನು ಅವಳ ಕಾಲ ಬುಡದಲ್ಲಿಟ್ಟು, ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೊರಟುಹೋದ. ನೋಡಲಾರದೆ ಹೋದನೆಂದು ಅವಳಿಗೆ ಗೊತ್ತಿತ್ತು.

ಮೊಂಡಿ ಬೆಟ್ಟದ ಮೇಲೆ ಬಗ್ಗಿದಳು. ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೂ ಉರಿ ಹತ್ತಿತು. ಉಳಿ ಎತ್ತಿ, ಮೊದಲ ಏಟನ್ನು ಅತಿಥಿಗೃಹದ ಮೇಲೆ ಹಾಕಿದಳು. ಅದರ ಕೆಂಪು ಹೆಂಚು ಟಣ್ಣೆಂದು ಹಾರಿತು. ಆಮೇಲೆ ಸಾಹೇಬನ ಬಂಗಲೆ. ಆಮೇಲೆ ಗೇಟು, ಟಿಕೆಟ್ ಕೊಡುವ ಗೂಡು, ಸುತ್ತಿ ಸುತ್ತಿ ಬರುವ ಡಾಂಬರು ರಸ್ತೆ. ಕೊನೆಗೆ, ತಾನು ನಿಂತಿದ್ದ ಇದೇ ಕೇಂದ್ರ. ಚೂರುಗಳನ್ನು ಬಾಂಡ್ಲಿಗೆ ಗುಡಿಸಿ, ಎಲ್ಲದರ ಮೇಲೆ ಹಸಿರು ಬಳಿದಳು. ಊರು ಇದ್ದಲ್ಲೇ ಇತ್ತು.

ಉಳಿಯ ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ಮುಖ ಒರೆಸುತ್ತ ಒಳಗೆ ಬಂದ ಮೇಸ್ತ್ರಿ ನೋಡಿದವನೇ ಬಾಂಡ್ಲಿಯ ಚೂರುಗಳಿಗೆ ಕೈ ಹಾಕಿದ.

"ಅಯ್ಯೋ ಹಾಳಾದೋಳೇ! ನನ್ನ ಹೆಂಡ್ತಿ ಮಕ್ಕಳನ್ನ ಬೀದಿಗೆ ತಂದುಬಿಟ್ಟೆಯಲ್ಲೇ!"

"ನಾನು ತರ್ತಿಲ್ಲ ಭಾವ. ತರೋರು ಅಗೋ ಬಂದ್ರು."

ಹೊರಗೆ ಕಾರುಗಳು ನಿಂತವು. ಸರಿಪಡಿಸಲು ಹೊತ್ತೆಲ್ಲಿತ್ತು? ದೊಡ್ಡ ಸಾಹೇಬರ ಹಿಂದೆ ಕೈಕಟ್ಟಿ ಬಂದ ಸಾಹೇಬ ಬಾಗಿಲಿಂದಲೇ ಮೇಸ್ತ್ರಿಗೆ ಹುಬ್ಬು ಹಾರಿಸಿದ: ಆಯ್ತಾ? ಮೇಸ್ತ್ರಿ ಹೌದೆಂದು ತಲೆಯಾಡಿಸಿದ.

ದೊಡ್ಡ ಸಾಹೇಬರು ಗಾಜಿನಾಚೆ ನೋಡಿ, "ವ್ಹಾ, ಒಂದು ಚೂರು ಹೊಗೆ ಇಲ್ಲ ನೋಡ್ರೀ," ಎಂದು ಎದೆ ತುಂಬ ಉಸಿರೆಳೆದುಕೊಂಡರು. ಆಮೇಲೆ ಬೆಟ್ಟದ ಬಳಿ ಬಂದು ‘ನೀವು ಇಲ್ಲಿದ್ದೀರಿ’ ಗುಂಡಿ ಒತ್ತಿದರು. ಬರೀ ಹಸಿರಿನ ನಡುವೆ ಕೆಂಪು ದೀಪ ಹತ್ತಿತು.

"ಏನ್ರೀ ಇದು? ನಾವೆಲ್ಲಿದ್ದೀವಿ? ಕಟ್ಟಡ ಎಲ್ಲಿ?" ಅವರ ಬೆರಳು ಅಲ್ಲಿ ಇಲ್ಲಿ ತಡಕಿ ಊರಿನ ಮೇಲೆ ನಿಂತಿತು. "ಇದ್ಯಾವುದು ಊರು? ಯಾರೂ ಇಲ್ಲ ಅಂದಿದ್ರಲ್ಲ?"

ಸಾಹೇಬನ ಬಾಯಿಂದ ಮಾತು ಹೊರಡುವ ಮೊದಲೇ ಕೈ ಹೊರಟು ಮೇಸ್ತ್ರಿಯ ಕೆನ್ನೆಗೆ ಬಿತ್ತು. ಹಜಾರವೆಲ್ಲ ಕೇಳಿಸುವಂಥ ಏಟು.

"ಅವನನ್ನ ಯಾಕೆ ಹೊಡೀತೀರಿ? ಕೆತ್ತಿದೋಳು ನಾನು," ಎಂದಳು ಮೊಂಡಿ.

"ಕಟ್ಟೇ ವಾಪಸ್ಸು! ಈಗಿಂದೀಗ ಕಟ್ಟೇ, ಸೂಳೆಮುಂಡೆ!"

"ನೀವು ಇಲ್ಲಿದ್ರಿ ಅನ್ನೋದಕ್ಕೆ ಕಾಗದ ಎಲ್ಲಿದೆ ಸಾರ್? ನಿಮ್ಮ ತಾತ ಇಲ್ಲಿ ಹುಟ್ಟಿದ್ದ ಅಂತ ಕಾಗದ ತನ್ನಿ, ಕಟ್ಕೊಡ್ತೀನಿ."

ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡು, "ಅದೇನಿದ್ರೂ ಬೇಗ ಸರಿಮಾಡಿಸ್ರೀ," ಎಂದರು.

ಅಷ್ಟೇ ಸಾಕಾಯಿತು. ಸಾಹೇಬ ನೆಲದಲ್ಲಿದ್ದ ಸುತ್ತಿಗೆ ಬಾಚಿಕೊಂಡು ಊರಿನ ಮೇಲೆ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಮೇಸ್ತ್ರಿ ಅದರ ಮಣಿಕಟ್ಟು ಹಿಡಿದಿದ್ದ.

"ಬಿಡೋ! ಬಿಡೋ ಬೋಳಿಮಗನೆ! ಕೆಲಸ ಬೇಡ್ವೇನೋ ನಿನಗೆ?"

"ಅದು ನನ್ನ ಮನೆ ಸಾರ್," ಎಂದ ಮೇಸ್ತ್ರಿ. ಹಿಡಿತ ಸಡಿಲಿಸಲಿಲ್ಲ.

ಬಾಗಿಲಲ್ಲಿದ್ದ ಗಾರ್ಡುಗಳು ಲಾಠಿ ಹಿಡಿದು ಓಡಿಬಂದರು. ಅವರು ಬಂದು ಮುಟ್ಟುವಷ್ಟರಲ್ಲಿ ಮೊಂಡಿ ಸಾಹೇಬನ ಇನ್ನೊಂದು ಕೈಯನ್ನು ಹಿಡಿದುಕೊಂಡಳು.