ಅಂಬಾಬಾಯಿಯವರ ರೋಲು

ನಾನೊಂದು ಕರಿ ಡಬ್ಬಿ. ಕಪ್ಪು-ಬಿಳುಪು ಫಿಲ್ಮ್ ತೊಳೆಯುವವರು ನನ್ನನ್ನು ಟ್ಯಾಂಕು ಅನ್ನುತ್ತಾರೆ. ಮುಂಬಯಿಯ ಕಾರ್ಖಾನೆಯಲ್ಲಿ ಕಾದ ಪ್ಲಾಸ್ಟಿಕ್ಕಿನಿಂದ ಹುಟ್ಟಿದೆ. ಬೆಳಕನ್ನು ಒಳಗೆ ಬಿಡದಿರುವುದೇ ನನ್ನ ಕೆಲಸ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಊರ ಮದುವೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೆತ್ತುಕೊಟ್ಟೆ. ಡಿಜಿಟಲ್ ಬಂದದ್ದೇ ತಡ, ಮಾಲೀಕ ನನ್ನನ್ನು ಗುಜರಿಗೆ ಎಸೆದ. ಕೃತಜ್ಞತೆ? ಥೂ, ಆ ಮಾತೇ ಬೇಡ.

ಗುಜರಿಯಿಂದ ನನ್ನನ್ನು ಎತ್ತಿಕೊಂಡವನು ಧಾರವಾಡದ ಶೇಷಗಿರಿ, ಬ್ಯಾಂಕಿನಿಂದ ನಿವೃತ್ತನಾದವನು. ಮೊಬೈಲಿನಲ್ಲಿ ನೋಡಿ ನೋಡಿ ಬಚ್ಚಲುಮನೆಯಲ್ಲೇ ಫಿಲ್ಮ್ ತೊಳೆಯಲು ಕಲಿತ. ಒಂದೆರಡು ರೋಲು ಸರಿಯಾಗಿ ಬಂದವೋ ಇಲ್ಲವೋ, ಓಣಿಗೆಲ್ಲ ತಾನೇ ಗುರು. ಅಲ್ಪವಿದ್ಯಾ ಮಹಾಗರ್ವಿ! ಅವನ ಔಷಧಿಗಳಿದ್ದದ್ದು ಎರಡು ಶರಬತ್ತಿನ ಬಾಟಲಿಗಳಲ್ಲಿ. ಎಡಗಡೆಯದು ಡೆವಲಪರ್, ಚಿತ್ರ ಮೂಡಿಸುವುದು. ಬಲಗಡೆಯದು ಫಿಕ್ಸರ್, ಮೂಡಿದ್ದನ್ನು ಉಳಿಸಿ ಮಿಕ್ಕಿದ್ದನ್ನು ಕರಗಿಸುವುದು. ಫಿಕ್ಸರ್ ಮೊದಲು ಬಿದ್ದರೆ ಎಲ್ಲವೂ ಕರಗಿಹೋಗುತ್ತದೆ.

“ಬಾಟ್ಲಿಗೆ ಚೀಟಿ ಹಚ್ರಿ,” ಅಂದಳು ಹೆಂಡತಿ ವತ್ಸಲಾ.

“ನನಗ ಗೊತ್ತದ, ನೀ ಸುಮ್ಮನಿರು.”

ಖಂಡೇನವಮಿಗೆ ವತ್ಸಲಾ ಕತ್ತರಿ, ಕೊಡಲಿ, ಸ್ಕೂಟರಿನ ಜತೆ ನನಗೂ ಬಾಟಲಿಗಳಿಗೂ ಕುಂಕುಮ ಹಚ್ಚಿ ಪೂಜೆ ಮಾಡಿದಳು. ಪೂಜೆ ಮುಗಿಸಿ ಬಚ್ಚಲಿಗೆ ತಂದಿಡುವಾಗ ಬಾಟಲಿಗಳು ಅದಲುಬದಲಾದವು.

ಮರುದಿನ ಬನ್ನಿ ಕೊಡಲು ಶೇಷಗಿರಿಯ ಅತ್ತಿಗೆ ಅಂಬಾಬಾಯಿ ಬಂದರು. ಗಂಡನನ್ನು ಕಳೆದುಕೊಂಡವರು. ಬನ್ನಿಯ ಜತೆ ಒಂದು ಹಳೇ ರೋಲನ್ನೂ ಅವನ ಕೈಗಿಟ್ಟರು.

“ಶೇಷಾ, ನಿಮ್ಮಣ್ಣನ ಪೆಟ್ಟಿಗ್ಯಾಗ ಸಿಕ್ತು. ನಮ್ಮ ಸುಮಿದು. ಆಕಿ ಹೋದ ಮ್ಯಾಲ ಅವ್ರಿಗೆ ಇದನ್ನ ತೊಳಸ್ಲಿಕ್ಕೆ ಮನಸೇ ಬರಲಿಲ್ಲ. ನನಗ ಆಕಿ ಮುಖಾನ ಮರ್ತು ಹೋಗೇದೋ.”

ಸುಮಿ ಎಳೆ ವಯಸ್ಸಿನಲ್ಲೇ ಜ್ವರ ಬಂದು ಹೋದ ಮಗಳು. ಅವಳ ಬೇರೆ ಫೋಟೋ ಒಂದೂ ಇರಲಿಲ್ಲ.

“ಸ್ಟುಡಿಯೋಕ್ಕ ಕೊಡ್ಲೇನು?”

“ಅವ್ರಿಗೇನ್ ತಿಳೀತದ ವೈನಿ? ಇಲ್ಲೇ ಕೂಡ್ರಿ, ಈಗ ತಂದೆ.”

ಫಿಲ್ಮಿನ ತುದಿ ಕತ್ತರಿಸಿ ಔಷಧಿಗೆ ಅದ್ದಿ ನೋಡುವುದು ಪದ್ಧತಿ. ಮಹಾಶಯ ನೋಡಲಿಲ್ಲ. ಕತ್ತಲಲ್ಲಿ ರೋಲನ್ನು ನನ್ನೊಳಗಿಳಿಸಿ ಮುಚ್ಚಳ ಹಾಕಿ, ಎಡಗಡೆಯ ಬಾಟಲಿ ಎತ್ತಿ ಸುರಿದ. ಹುಳಿ ವಾಸನೆ ನನ್ನ ಗಂಟಲಿಗಿಳಿಯಿತು. ಫಿಕ್ಸರ್! ಅಯ್ಯೋ ಪಾಪಿ, ನಿನಗೆ ಮೂಗಿಲ್ಲವೇ? ಅವನು ಹಾಡು ಗುನುಗುತ್ತ ನನ್ನನ್ನು ತಲೆಕೆಳಗು ಮಾಡುತ್ತಿದ್ದ. ನನ್ನ ಹೊಟ್ಟೆಯಲ್ಲಿ ಹುಡುಗಿ ಕರಗಿಹೋದಳು.

ಮುಚ್ಚಳ ತೆಗೆದರೆ ಗಾಜಿನಂಥ ಬರಿಯ ಪಟ್ಟಿ. ಫೋಟೋ ತೆಗೆಯದ ಫಿಲ್ಮಿನಲ್ಲೂ ಅಂಚಿಗೆ ಕಂಪನಿಯ ಅಂಕಿಗಳು ಮೂಡುತ್ತವೆ. ಅವೂ ಇಲ್ಲವೆಂದರೆ ತಪ್ಪು ತೊಳೆದವನದೇ. ಅಷ್ಟು ಅವನಿಗೂ ಗೊತ್ತಿತ್ತು. ಬಾಟಲಿ ಮೂಸಿ ನೋಡಿ ಬೆವರಿದ. ಆಮೇಲೆ ಮುಖ ಒರೆಸಿಕೊಂಡು ಹೊರಗೆ ಹೋದ.

“ವೈನಿ, ಇದರಾಗ ಏನೂ ಇಲ್ಲ. ಅಣ್ಣ ರೋಲು ಸರಿ ಹಾಕೇ ಇಲ್ಲ. ಫೋಟೋ ಬಿದ್ದೇ ಇಲ್ಲ.”

ಅಂಬಾಬಾಯಿ ಪಟ್ಟಿಯನ್ನು ಕಿಟಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. “ಇಷ್ಟ್ ವರ್ಷ ಬರೇ ಖಾಲಿ ರೋಲು ಕಾಯ್ದ್ರೇನು ಅವರು?” ಅಂದರು. ಶೇಷಗಿರಿ ಹೌದೆಂದು ತಲೆಯಾಡಿಸಿದ.

ಈಗ ನಾನು ಮುದಿಯಾಗಿದ್ದೇನೆ. ವತ್ಸಲಾ ನನ್ನಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿಡುತ್ತಾಳೆ. ಸತ್ತವರಿಗೆ ಬಾಯಿಲ್ಲ, ನನಗಿರುವ ಬಾಯಿಂದ ಮಾತು ಬರುವುದಿಲ್ಲ. ಮೊನ್ನೆ ಅಣ್ಣನ ಶ್ರಾದ್ಧ ಇದೇ ಮನೆಯಲ್ಲಿ ನಡೆಯಿತು. ಅಂಬಾಬಾಯಿ ಬರಲಿಲ್ಲ. “ನನ್ನ ಮಗಳ ಮುಖ ಕಳದವ್ರಿಗೆ ನಾ ಕೈ ಮುಗಿಯೂದಿಲ್ಲ” ಅಂತ ಹೇಳಿ ಕಳಿಸಿದರು.

“ಪಾಪ, ವೈನಿಗೆ ಅಣ್ಣನ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ,” ಅಂದ ಶೇಷಗಿರಿ, ಮತ್ತೆರಡು ವಡೆ ಹಾಕಿಸಿಕೊಂಡ.