ಗಂಧದಕಡ್ಡಿ ಇಲ್ಲದ ಪದಕೋಶ

ನಾನು ಅಂಗೈಯಗಲದ ಒಂದು ಪದಕೋಶ. ನನ್ನ ಹೊದಿಕೆಯ ಮೇಲೆ ‘ಕಥೆ, ಕಾದಂಬರಿಯ ಓದುಗರಿಗೆ ಜಪಾನಿ ಪದಗಳು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಹುಟ್ಟಿದ್ದು ಲಂಡನ್ನಿನ ಒಂದು ಸಣ್ಣ ಮುದ್ರಣಾಲಯದಲ್ಲಿ. ಇಂಗ್ಲಿಷಿಗೆ ಬಂದ ಜಪಾನಿ ಕಾದಂಬರಿಗಳಲ್ಲಿ ಕೆಲವು ಪದಗಳು ಹಾಗೆಯೇ ಉಳಿದಿರುತ್ತವೆ. ತತಾಮಿ ಎಂದರೆ ನೆಲಕ್ಕೆ ಹಾಸುವ ಹುಲ್ಲಿನ ಚಾಪೆ, ಗೆಂಕಾನ್ ಎಂದರೆ ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗ, ಹೆಸರಿನ ಕೊನೆಗೆ ‘ಸಾನ್’ ಸೇರಿದರೆ ಗೌರವ. ಇಷ್ಟು ಗೊತ್ತಿದ್ದರೆ ಓದು ಮುಗ್ಗರಿಸುವುದಿಲ್ಲ. ನನ್ನ ಸಂಪಾದಕರಿಗೆ ಬೇಕಿದ್ದದ್ದು ಅಷ್ಟೇ. ಜಪಾನೀಯರೊಂದಿಗೆ ಮುಖಾಮುಖಿ ಮಾತಾಡುವವರಿಗೆಂದು ನನ್ನನ್ನು ಮಾಡಿರಲಿಲ್ಲ.

ನನ್ನನ್ನು ಮೊದಲು ಕೊಂಡವನು ಬೆಂಗಳೂರಿನ ಒಬ್ಬ ಯುವಕ. ಅವನಿಗೆ ಸಮುರಾಯ್ ಕಥೆಗಳ ಹುಚ್ಚು. ಕತ್ತಿ, ಕೋಟೆ, ದಂಡು ಎಂದು ಬರುವಲ್ಲೆಲ್ಲ ಕೆಂಪು ಗೆರೆ ಎಳೆದ. ಹುಚ್ಚು ಇಳಿದ ಮೇಲೆ ಹಳೆ ಪುಸ್ತಕದಂಗಡಿಗೆ ಹಾಕಿದ. ಅಲ್ಲಿ ಅಡುಗೆ ಪುಸ್ತಕಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದ ನನ್ನನ್ನು ತುಮಕೂರಿನ ವಿಶಾಲಾಕ್ಷಿ ಹೆಕ್ಕಿ ತೆಗೆದರು.

ವಿಶಾಲಾಕ್ಷಿ ಹೈಸ್ಕೂಲಿನ ಇಂಗ್ಲಿಷ್ ಟೀಚರ್. ಜಪಾನಿ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ಓದುತ್ತಿದ್ದರು. ಓದಿದ್ದನ್ನು ಹೇಳಿಕೊಳ್ಳಲು ಊರಿನಲ್ಲಿ ಯಾರೂ ಇರಲಿಲ್ಲ. ಇದ್ದವರು ಗಂಡ ಷಡಕ್ಷರಿ ಮಾತ್ರ.

“ಇವತ್ತು ಯಾರಾದ್ರೂ ಸತ್ರೇನೇ ನಿನ್ನ ಪುಸ್ತಕದಲ್ಲಿ?”

“ಸತ್ರೆ ಮಾತ್ರ ಕತೇನಾ? ಇದ್ರಲ್ಲಿ ಏನೂ ಆಗಲ್ಲ. ಇಬ್ರು ಕೂತ್ಕೊಂಡು ಟೀ ಕುಡೀತಾ ಮಳೆ ನೋಡ್ತಾರೆ, ಅಷ್ಟೆ.”

“ಅದಕ್ಕೆ ಮುನ್ನೂರು ಪುಟ ಬೇಕಾ?”

ಹೀಗಿರುವಾಗ ಅವರ ಮಹಡಿ ಮನೆಗೆ ಬಾಡಿಗೆಗೆ ಬರಲು ಊರಾಚೆಯ ಕಾರ್ಖಾನೆಯ ಜಪಾನಿ ಎಂಜಿನಿಯರ್ ಒಬ್ಬರು ಒಪ್ಪಿದರು. ಅವರ ಹೆಂಡತಿಯ ಹೆಸರು ಅಕೆಮಿ. ಆಕೆಗೆ ಓದುವ ಅಭ್ಯಾಸವಿದೆ ಎಂದು ತಿಳಿದ ದಿನದಿಂದ ವಿಶಾಲಾಕ್ಷಿಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊನೆಗೂ ಮಾತಿಗೊಬ್ಬರು ಸಿಗುತ್ತಾರಲ್ಲ! ನನ್ನನ್ನು ಕೈಚೀಲದಲ್ಲಿಟ್ಟುಕೊಂಡು ಶಾಲೆಗೂ ಹೋದರು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬಾರದು, ಸತ್ತವರಿಗೆ ಅನ್ನ ಇಡುವ ಕ್ರಮ ಅದು ಎಂದು ನನ್ನಲ್ಲಿ ಬರೆದಿತ್ತು. ಅದನ್ನು ಓದಿ ಗಂಡನಿಗೆ ತಾಕೀತು ಮಾಡಿದರು.

“ಅವರೆದುರು ಅನ್ನದಲ್ಲಿ ಚಮಚಾನೂ ನಿಲ್ಲಿಸ್ಬೇಡಿ.”

“ಯಾರೇ ನಿಲ್ಲಿಸ್ತಾರೆ? ಚಮಚ ಏನು ಧ್ವಜಾನಾ?”

ಅಕೆಮಿ ಬಂದ ದಿನ ಮಹಡಿ ಮನೆಯಲ್ಲಿ ಹಾಲುಕ್ಕಿಸಿದರು, ಆರತಿ ಎತ್ತಿದರು. ಗಂಧದಕಡ್ಡಿಯ ಸ್ಟ್ಯಾಂಡು ಆ ಗಡಿಬಿಡಿಯಲ್ಲಿ ಸಿಗಲಿಲ್ಲ. ಈ ಕಡೆಯ ಯಾವ ಮನೆಯಲ್ಲಾದರೂ ಮಾಡುವಂತೆ ವಿಶಾಲಾಕ್ಷಿ ಸ್ಟೀಲ್ ಲೋಟಕ್ಕೆ ಅಕ್ಕಿ ತುಂಬಿ, ಹೊತ್ತಿಸಿದ ಎರಡು ಕಡ್ಡಿಗಳನ್ನು ಅದರಲ್ಲಿ ಚುಚ್ಚಿ, ಬಾಗಿಲ ಬಳಿ ಆಕೆಯ ಮುಂದೆಯೇ ಇಟ್ಟರು.

ಅಕೆಮಿಯ ಮುಖ ಬಿಳಿಚಿಕೊಂಡಿತು. ಒಂದು ಹೆಜ್ಜೆ ಹಿಂದೆ ಸರಿದು, ತಲೆಬಾಗಿ ವಂದಿಸಿ ಒಳಕೋಣೆ ಸೇರಿದರು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅದೇ ವಂದನೆ, ಮಾತಿಲ್ಲ. ಒಂದು ದಿನ ಬ್ರೋಕರ್ ರೇವಣ್ಣ ಬಂದ.

“ಮೇಡಂ, ನಿಮ್ಮ ಜಪಾನ್ ಅಮ್ಮೋರು ಬೇರೆ ಮನೆ ತೋರ್ಸಿ ಅಂದ್ರು. ಯಾಕೆ, ನೀರು ಸರಿಯಾಗಿ ಬರಾಕಿಲ್ವಾ?”

ಒಂದು ಪುಸ್ತಕದ ಮಾತೂ ಆಡದೆ ಆಕೆ ಹೊರಟುಬಿಡುತ್ತಾರೆ ಎಂಬುದೊಂದೇ ವಿಶಾಲಾಕ್ಷಿಗೆ ಕೇಳಿಸಿದ್ದು. ನನ್ನನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬಾಗಿಲಲ್ಲೇ ನನ್ನನ್ನು ಅಕೆಮಿಯ ಕೈಗಿತ್ತರು. ಅವರಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ.

“ನನ್ನಿಂದ ಏನೋ ತಪ್ಪಾಗಿದೆ. ನನಗೆ ಗೊತ್ತಿರೋದೆಲ್ಲ ಇದರಲ್ಲೇ ಇದೆ. ಯಾವುದು ತಪ್ಪು ಅಂತ ತೋರಿಸಿ.”

ಅಕೆಮಿ ಪುಟ ತಿರುಗಿಸಿದರು. ಕೆಂಪು ಗೆರೆಗಳ ಹತ್ತಿರ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಈ ಹಳೇ ಮಾತನ್ನ ನಮ್ಮ ಅಜ್ಜನೂ ಆಡ್ತಿರಲಿಲ್ಲ.” ಅನ್ನದ ವಿಷಯ ಬಂದಾಗ ನಗು ನಿಂತಿತು. ಪೆನ್ಸಿಲ್ ತಂದು ಅಂಚಿನಲ್ಲಿ ಒಂದು ಲೋಟ ಬರೆದರು, ಎರಡು ಕಡ್ಡಿ, ಮೇಲೆ ಹೊಗೆ.

“ಅಯ್ಯೋ ಶಿವನೇ!” ಎಂದು ವಿಶಾಲಾಕ್ಷಿ ಕನ್ನಡದಲ್ಲೇ ಅಂದರು. ಆಮೇಲೆ, ನಮ್ಮಲ್ಲಿ ದಿನಾ ಬೆಳಿಗ್ಗೆ ದೇವರಿಗೆ ಕಡ್ಡಿ ಹಚ್ಚುತ್ತೇವೆ, ಅಕ್ಕಿ ಇರುವುದು ಕಡ್ಡಿ ಬೀಳದಿರಲಿ ಎಂದಷ್ಟೇ ಎಂದು ಬಿಡಿಸಿ ಹೇಳಿದರು.

“ನಿಮ್ಮ ಮೇಲೆ ಕೋಪ ಅಲ್ಲ, ವಿಶಾಲಾಕ್ಷಿ-ಸಾನ್,” ಎಂದರು ಅಕೆಮಿ. “ನಮ್ಮಲ್ಲಿ ಹೀಗೆ ಇಡೋದು ಸತ್ತವರಿಗೆ. ನಾನು ಹೊರಟಾಗ ಅಮ್ಮ ಆಸ್ಪತ್ರೆಯಲ್ಲಿದ್ದಳು. ಆ ಲೋಟ ನೋಡಿದ ಕೂಡಲೇ ಅವಳ ನೆನಪಾಯ್ತು. ದಿನಾ ಆ ಬಾಗಿಲು ದಾಟೋಕೆ ಹೆದರಿಕೆ.”

“ಈಗ ಹೇಗಿದ್ದಾರೆ?”

“ನಿನ್ನೆ ಮನೆಗೆ ಬಂದಳು. ಆಗಲೇ ಅಪ್ಪನ ಅಡುಗೆಗೆ ಬೈತಿದ್ದಾಳೆ.”

ನನ್ನಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ನನ್ನ ಸಂಪಾದಕರು ಕಣ್ಣ ಮುಂದಿಟ್ಟುಕೊಂಡಿದ್ದ ಓದುಗರ ಮನೆಗಳಲ್ಲಿ ಬೆಳಗಾದರೆ ಗಂಧದಕಡ್ಡಿ ಹಚ್ಚುವ ಪದ್ಧತಿಯಿಲ್ಲ. ಹಾಗಾಗಿ ಊಟದ ಕಡ್ಡಿಯ ಮಾತಿಗೇ ನಿಲ್ಲಿಸಿದ್ದರು.

ರೇವಣ್ಣನಿಗೆ ಬೇರೆ ಮನೆ ಬೇಡವೆಂದು ಹೇಳಿ ಕಳಿಸಲಾಯಿತು. ಅಲ್ಲಿಂದ ಎರಡು ವರ್ಷ ಇಬ್ಬರೂ ಕೂಡಿ ಓದಿದರು. ಅಕೆಮಿ ನನ್ನ ಎಷ್ಟೋ ಅರ್ಥಗಳನ್ನು ತಿದ್ದಿದರು. “ಏನೂ ಆಗದ ಪುಸ್ತಕಕ್ಕೆ ಈಗ ಇಬ್ರಾದ್ರು,” ಎಂದು ಷಡಕ್ಷರಿ ಕಾಫಿ ತಂದಿಟ್ಟು ಹೋಗುತ್ತಿದ್ದರು.

ಎಂಜಿನಿಯರರ ಅವಧಿ ಮುಗಿಯಿತು. ಗೇಟಿನ ಮುಂದೆ ಕಾರು ನಿಂತಿತ್ತು. ವಿಶಾಲಾಕ್ಷಿ ‘ಸಯೊನಾರಾ’ ಎನ್ನಲು ಸಿದ್ಧರಾಗಿ ನಿಂತಿದ್ದರು. ಶೂ ಹಾಕಿಕೊಂಡು ಎದ್ದ ಅಕೆಮಿ, “ಇತ್ತೆಕಿಮಾಸ್,” ಎಂದರು. ಜಪಾನಿನಲ್ಲಿ ಶಾಲೆಗೋ ಕೆಲಸಕ್ಕೋ ಸ್ವಂತ ಮನೆಯಿಂದ ಹೊರಡುವಾಗ ಮನೆಯವರಿಗೆ ಹೇಳುವ ಮಾತದು; ನೆಂಟರ ಮನೆಯಲ್ಲಿ, ಖಾಲಿ ಮಾಡಿ ಹೋಗುವ ಬಾಡಿಗೆ ಮನೆಯಲ್ಲಿ ಹೇಳುವುದಿಲ್ಲ. ಅದನ್ನು ವಿವರಿಸಲು ನನ್ನಲ್ಲಿ ಐದು ಸಾಲು ಹಿಡಿದಿದೆ. ನಾನು ಕೈಚೀಲದಲ್ಲೇ ಇದ್ದೆ. ವಿಶಾಲಾಕ್ಷಿ ಚೀಲಕ್ಕೆ ಕೈ ಹಾಕಲಿಲ್ಲ.

“ಹೋಗ್ಬಿಟ್ಟು ಬಾರಮ್ಮ,” ಎಂದರು.

ಈಗ ನನ್ನ ಬೆನ್ನಿನ ಅಂಟು ಬಿಟ್ಟಿದೆ. ಗಾಜಿನ ಕಪಾಟಿನ ತುದಿಯಲ್ಲಿ ಎರಡು ದಪ್ಪ ಪುಸ್ತಕಗಳಿಗೆ ಒರಗಿಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಅವರಿಬ್ಬರ ಮಾತು ಕೇಳುತ್ತದೆ: ಅರ್ಧ ಇಂಗ್ಲಿಷು, ಉಳಿದದ್ದರಲ್ಲಿ ಒಂದಿಷ್ಟು ಜಪಾನಿ, ಒಂದಿಷ್ಟು ತುಮಕೂರಿನ ಕನ್ನಡ. ಅದರಲ್ಲಿ ಎಷ್ಟೋ ಪದಗಳು ನನ್ನಲ್ಲಿಲ್ಲ. ಹುಡುಕಲೆಂದು ಯಾರೂ ಏಳುವುದೂ ಇಲ್ಲ.